ಹಿಲ್ಡಾಬಾಯಿಗೆ ಹಚ್ಚಿದ ಮೇಣದಬತ್ತಿ

ಬಾಳೂರು
೨೧ ಜನವರಿ ೨೦೨೬, ಬುಧವಾರ

ಊರಿಗೆಲ್ಲ ಸಿಸ್ಟರ್ ಜೆನಿಟಾ ಆದರೂ ನನ್ನ ಪಾಲಿಗೆ ಇನ್ನೂ ಜೆನ್ನಿಯೇ ಆಗಿರುವ ಮಗಳಿಗೆ,

ಮಮ್ಮಿಯ ಮುತ್ತುಗಳು. ಯೇಸುಸ್ವಾಮಿ ನಿನ್ನನ್ನೂ ನಿನ್ನ ಕಾನ್ವೆಂಟಿನ ಸಿಸ್ಟರುಗಳನ್ನೂ ಚೆನ್ನಾಗಿಟ್ಟಿರಲಿ. ನಾನು ಆರಾಮ. ಮಂಡಿ ನೋಯುತ್ತದೆ, ಅದು ಇದ್ದದ್ದೇ. ಕಾಫಿ ಕುಯ್ಲು ಮುಗಿಯುತ್ತಾ ಬಂತು, ಅಂಗಳದ ತುಂಬಾ ಹಣ್ಣು ಒಣಗುತ್ತಿದೆ, ಕಾಲಿಡಲು ಜಾಗವಿಲ್ಲ.

ಪತ್ರ ಯಾಕೆ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಸ್ಕೂಲಿನ ಬೆಲ್ ಹೊಡೆಯುತ್ತದೆ. ಎದುರಿಗೆ ಬಂದು ಹೇಳೋಣವೆಂದರೆ ನಿನ್ನ ಬಿಳಿ ಉಡುಪು ನೋಡಿದ ಕೂಡಲೇ ನನಗೆ ಪಾಪನಿವೇದನೆಗೆ ನಿಂತ ಹಾಗಾಗಿ ಮಾತೇ ಹೊರಡುವುದಿಲ್ಲ. ಹೆತ್ತ ಮಗಳಿಗೆ ಹೆದರುವ ಕಾಲ ಬಂತು ನೋಡು. ಅದಕ್ಕೇ ಬೆಳಿಗ್ಗೆಯೇ ಪೆನ್ನು ಹಿಡಿದು ಕೂತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಮದುವೆಯ ಮಾತು ಬಂದಿದೆ. ನಗಬೇಡ. ಐವತ್ತೆಂಟಾದ ನಿನ್ನ ಮಮ್ಮಿಗೇ ಬಂದಿದೆ. ಕೇಳಿದವರು ಲಿಗೋರಿ ಮಿನೇಜಸ್. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ರಿಟೈರ್ ಆದವರು, ನಮ್ಮ ಇಗರ್ಜಿಯಲ್ಲಿ ಹಾಡುವವರ ಹಿಂದೆ ನಿಂತು ದಪ್ಪ ದನಿ ತೆಗೆಯುವವರು, ಜನವರಿಯಲ್ಲೂ ಕೊಡೆ ಹಿಡಿದೇ ತಿರುಗುವವರು. ಅವರ ಹೆಂಡತಿ ಹಿಲ್ಡಾಬಾಯಿ ತೀರಿಕೊಂಡದ್ದು ನಿನ್ನ ಪಪ್ಪ ಹೋದ ಮರುವರ್ಷ. ಮಕ್ಕಳಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾದರೆ ಮದುವೆ ಇಲ್ಲ ಎಂದು ನಿನಗೆ ಗೊತ್ತು. ಅದಕ್ಕೆ ಮೊದಲು ಮೂರು ಭಾನುವಾರ ಪೂಜೆಯಲ್ಲಿ ನಮ್ಮ ಹೆಸರು ಓದಿ, ಅಡ್ಡಿ ಇದ್ದವರು ಹೇಳಿ ಎಂದು ಕೇಳಬೇಕು. ಈ ಭಾನುವಾರ ಓದದಿದ್ದರೆ ಈಸ್ಟರ್ ಕಳೆದ ಮೇಲೆಯೇ. ಶನಿವಾರ ಸಂಜೆಯೊಳಗೆ ಉತ್ತರ ಕೊಡಿ ಎಂದು ಫಾದರ್ ಹೇಳಿದ್ದಾರೆ. ನನ್ನ ಮಗಳು ಒಪ್ಪದೆ ನಾನು ಹೂಂ ಅನ್ನುವುದಿಲ್ಲ ಎಂದು ನಾನೂ ಹೇಳಿದ್ದೇನೆ. ಊರವರು ಅಡ್ಡಿ ಹೇಳಿದರೆ ಉತ್ತರ ಕೊಡಲು ನನಗೆ ಬಾಯಿದೆ. ನೀನು ಹೇಳಿದರೆ ಇಲ್ಲ. ನೀನು ಬೇಡ ಎಂದರೆ ಬೇಡ, ಅದಕ್ಕಾಗಿ ನಾನೇನೂ ಊಟ ಬಿಡುವವಳಲ್ಲ.

ಆದರೆ ಇದರಲ್ಲಿ ನಿನ್ನ ಪಾಲೂ ಇದೆ. ಹೇಗೆ ಎಂದು ಹೇಳುತ್ತೇನೆ, ಸಮಾಧಾನದಲ್ಲಿ ಓದು.

ಆ ದೊಡ್ಡ ಮಳೆಯ ವರ್ಷ ಸಿಮೆಟ್ರಿಯ ಮೇಲಿನ ದರೆ ಜರಿದದ್ದು ನಿನಗೆ ನೆನಪಿರಬೇಕು. ಮೊಣಕಾಲುದ್ದ ಮಣ್ಣು ಸಮಾಧಿಗಳ ಮೇಲೆ ಬಂದು ಕೂತಿತ್ತು. ಮರದ ಶಿಲುಬೆಗಳು ಕಿತ್ತು ಹೋಗಿ ಕೆಳಗಿನ ಕಾಫಿ ಗಿಡಗಳ ನಡುವೆ ಬಿದ್ದಿದ್ದವು. ಮಳೆ ಬಿಟ್ಟ ಮೇಲೆ ಯುವಜನ ಸಂಘದ ಹುಡುಗರು ಅವನ್ನೆಲ್ಲ ಹೆಕ್ಕಿ ತಂದು, ತೊಳೆದು, ಸಾಲು ನೋಡಿ ಅಂದಾಜಿನಲ್ಲಿ ನೆಟ್ಟರು. ಶಿಲುಬೆಯ ಮೇಲೆ ಹೆಸರಿತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಬೋನಿಫಾಸ್ ಕುಟಿನ್ಹೊ ಎಂದು ನಿನ್ನ ಪಪ್ಪನ ಹೆಸರಿದ್ದ ಶಿಲುಬೆ ಎಲ್ಲಿತ್ತೋ ಅಲ್ಲಿ ನಾನು ಮಂಡಿಯೂರಿದೆ. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಹುಲ್ಲು ಕಿತ್ತು, ಚೆಂಡುಹೂ ಹರಡಿ, ಮೇಣದಬತ್ತಿ ಹಚ್ಚಿದೆ. ನೀನೂ ವ್ರತ ತೆಗೆದುಕೊಳ್ಳುವ ಮೊದಲು ಅಲ್ಲಿಗೇ ಬಂದು ಅತ್ತು ಹೋದೆ.

ಭಾನುವಾರಗಳಲ್ಲಂತೂ ಪೂಜೆ ಮುಗಿಸಿ ಅಲ್ಲಿ ಕೂತು ನಿನ್ನ ಪಪ್ಪನ ಹತ್ತಿರ ಎಲ್ಲ ಹೇಳಿಕೊಳ್ಳುತ್ತಿದ್ದೆ. ಮೆಣಸಿನ ಬಳ್ಳಿಗೆ ರೋಗ ಬಂದದ್ದು, ಪಕ್ಕದವರು ಬೇಲಿ ಸರಿಸಿದ್ದು, ನೀನು ಸಣ್ಣಗಾದದ್ದು. ಕೆಲವು ಸಲ ಬೈದದ್ದೂ ಉಂಟು. ಜೀವಂತ ಇದ್ದಾಗ ಗೊರಕೆ ಹೊಡೆದು ನನ್ನ ನಿದ್ದೆ ಕೆಡಿಸಿದಿರಿ, ಈಗ ಗೊರಕೆ ಇಲ್ಲದೆ ನಿದ್ದೆ ಬರುವುದಿಲ್ಲ, ಇದೆಂಥ ನ್ಯಾಯ ಎಂದು ಜಗಳ ಮಾಡಿದ್ದೆ.

೨೦೨೪ರ ಅಕ್ಟೋಬರಿನಲ್ಲಿ, ಹಬ್ಬಕ್ಕೆ ಮೊದಲು ಪಪ್ಪನಿಗೆ ಒಂದು ಕಲ್ಲಿನ ಸಮಾಧಿ ಕಟ್ಟಿಸೋಣ ಎಂದು ಮೇಸ್ತ್ರಿ ಮಲ್ಲಿಕಾರ್ಜುನನನ್ನು ಕರೆಸಿದೆ. ಅವನು ಪಾಯಕ್ಕೆಂದು ಮಣ್ಣು ತೆಗೆಯುತ್ತಿದ್ದವನು ಹಾರೆ ನಿಲ್ಲಿಸಿ, "ಅಕ್ಕ, ಇಲ್ಲಿ ಬಿಳಿ ಕಲ್ಲಿನ ಸಾಲು ಉಂಟು. ನೀವು ಇಡಿಸಿದ್ದಾ?" ಎಂದು ಕೇಳಿದ. ನಾನು ಯಾವ ಕಲ್ಲನ್ನೂ ಇಡಿಸಿರಲಿಲ್ಲ. ಪಕ್ಕದ ಸಾಲಿನಲ್ಲಿ ಹೆಂಡತಿಯ ಸಮಾಧಿ ಗುಡಿಸುತ್ತಿದ್ದ ಲಿಗೋರಿಯವರು ಬಂದು ಬಗ್ಗಿ ನೋಡಿದರು. ಕರ್ಚೀಫು ತೆಗೆದು ಒಂದು ಕಲ್ಲಿನ ಮಣ್ಣು ಒರೆಸಿದರು. ಮುಖದ ಬಣ್ಣವೇ ಹೋಯಿತು.

"ಇದು ನಾನು ಕಳಸದಿಂದ ತಂದ ಕಲ್ಲು, ಭದ್ರಾ ಹೊಳೆದು," ಎಂದರು. "ಹಿಲ್ಡಾಗೆ ಸುತ್ತ ಇಟ್ಟದ್ದು."

"ಎಂಥ ಹೇಳ್ತೀರಿ ನೀವು? ಇಲ್ಲಿ ಮಲಗಿದ್ದು ನನ್ನ ಗಂಡ!" ಎಂದು ನಾನು ಕಿರುಚಿದೆ. ಸಿಮೆಟ್ರಿ ಎಂಬುದೂ ನೆನಪಿರಲಿಲ್ಲ.

ಮಲ್ಲಿಕಾರ್ಜುನ ಹಾರೆ ಎತ್ತಿಕೊಂಡು ಹಿಲ್ಡಾಬಾಯಿಯ ಶಿಲುಬೆಯ ಹತ್ತಿರ ಹೋಗಿ ಕೆದಕಿದ. ಸ್ವಲ್ಪ ಹೊತ್ತಿನಲ್ಲಿ, ಪಪ್ಪ ಹೋದ ವರ್ಷ ನಾವು ಸಮಾಧಿಗೆ ಹಾಕಿಸಿದ್ದ ಸಿಮೆಂಟಿನ ಮೆಟ್ಟಿಲು ಸಿಕ್ಕಿತು. ಅದರಲ್ಲಿ ಅಂಟಿಕೊಂಡಿತ್ತು ನಮ್ಮ ಗೋದಲಿಯ ಮಣ್ಣಿನ ಕುರಿ. ನೀನು ಎಂಟನೇ ಕ್ಲಾಸಿನಲ್ಲಿದ್ದೆ, ಪಪ್ಪ ಪ್ರತಿ ಕ್ರಿಸ್ಮಸ್ಸಿಗೆ ಬಾಲಯೇಸುವಿನ ಗೋದಲಿ ಕಟ್ಟುತ್ತಿದ್ದರಲ್ಲ, ಅವರಿಗೆ ಜೊತೆಗಿರಲಿ ಎಂದು ಹಸಿ ಸಿಮೆಂಟಿನಲ್ಲಿ ನೀನೇ ಅದನ್ನು ಊರಿದ್ದೆ. ಒಂದು ಕಿವಿ ಮುರಿದಿತ್ತು, ಉಳಿದದ್ದು ನೆಟ್ಟಗಿತ್ತು. ನಾನು ಅಲ್ಲೇ ಕೂತುಬಿಟ್ಟೆ ಜೆನ್ನಿ. ಇಷ್ಟು ವರ್ಷ ನನ್ನ ಬೋನಾ ನನ್ನಿಂದ ನಾಲ್ಕು ಮಾರು ದೂರದಲ್ಲಿ ಒಬ್ಬರೇ ಇದ್ದರು, ನಾನು ಅವರಿಗೆ ಬೆನ್ನು ಹಾಕಿ ಕೂತು ಬೇರೆ ಯಾರಿಗೋ ಹೂ ಹಾಕಿದೆ ಎಂದು ಎದೆ ಒಡೆದು ಹೋಯಿತು.

ನಿನಗೆ ಇದನ್ನು ಯಾಕೆ ಹೇಳಲಿಲ್ಲ? ನೀನು ಅತ್ತದ್ದೂ ತಪ್ಪು ಜಾಗದಲ್ಲಿ ಎಂದು ಯಾವ ಬಾಯಲ್ಲಿ ಹೇಳಲಿ? ಕಳೆದ ಮೇ ತಿಂಗಳಲ್ಲಿ ಬಂದಾಗ ಶಿಲುಬೆಯ ಜಾಗ ಬದಲಾಗಿದೆ ಎಂದು ನೀನು ಕೇಳಿದೆ. ಗೋಡೆ ಕೆಲಸ ಎಂದು ಏನೋ ಹೇಳಿ ನಿನಗೆ ಪತ್ರೊಡೆ ಬಡಿಸಿದೆ. ಪತ್ರೊಡೆ ಕಂಡರೆ ನೀನು ಪ್ರಶ್ನೆ ಮರೆಯುತ್ತೀಯ ಎಂದು ನನಗೆ ಗೊತ್ತು.

ಅವತ್ತು ನಾನು ಲಿಗೋರಿಯವರ ಮೇಲೆ ಹಾರಾಡಿದ್ದು ಸ್ವಲ್ಪವಲ್ಲ. ಸ್ವಂತ ಹೆಂಡತಿಯ ಜಾಗ ಗೊತ್ತಾಗುವುದಿಲ್ಲವೇ, ಎಸ್ಟೇಟಿನಲ್ಲಿ ಅಷ್ಟು ಜನ ಆಳುಗಳ ಹಾಜರಿ ಹೇಗೆ ಹಾಕಿದಿರಿ ಎಂದೆಲ್ಲ ಅಂದೆ. ನನಗೂ ನನ್ನ ಗಂಡನ ಜಾಗ ಗೊತ್ತಾಗಿರಲಿಲ್ಲ ಎಂಬುದು ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು. ಆದರೂ ಸಿಟ್ಟು ಇಳಿಯಲಿಲ್ಲ. ದೇವರ ಮೇಲೂ ಸಿಟ್ಟು. ನೀವಾದರೂ ಒಂದು ಸೂಚನೆ ಕೊಡಬಾರದಿತ್ತೇ ಎಂದು ಜಪಸರ ಮುಟ್ಟದೆ ಮಲಗಿದೆ.

ಮರುದಿನ ಎಂದಿನಂತೆ ನಿನ್ನ ವಾಯ್ಸ್ ಮೆಸೇಜು ಬಂತು. ದಿನಾ ಬೆಳಿಗ್ಗೆ ನೀನು ನಮಗೆಲ್ಲ ನಾಲ್ಕು ಒಳ್ಳೆಯ ಮಾತು ಕಳಿಸುತ್ತೀಯಲ್ಲ, ನಾನು ಕೈಮುಗಿದ ಚಿತ್ರ ಒತ್ತಿ ಸುಮ್ಮನಾಗುತ್ತೇನಲ್ಲ, ಅದು. ಅವತ್ತು ನೀನು ಹೇಳಿದ್ದು ನನಗೆ ಬಾಯಿಪಾಠ ಬರುತ್ತದೆ. "ಯಾರ ಮೇಲೆ ಸಿಟ್ಟಿದೆಯೋ ಅವರಿಗೆ ಇವತ್ತು ಒಂದು ಲೋಟ ಕಾಫಿ ಕೊಡಿ. ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾರೆ." ನನಗೆ ನಿನ್ನ ಮೇಲೂ ಸಿಟ್ಟು ಬಂತು. ಕಾನ್ವೆಂಟಿನಲ್ಲಿ ಕೂತು ಹೇಳುವುದು ಸುಲಭ ಎಂದುಕೊಂಡೆ. ಆದರೂ ಫ್ಲಾಸ್ಕಿಗೆ ಕಾಫಿ ಹಾಕಿಕೊಂಡು ಸಿಮೆಟ್ರಿಗೆ ಹೋದೆ. ನಿನ್ನ ಪಾಲು ಎಂದು ಮೇಲೆ ಬರೆದದ್ದು ಇದೇ.

ಅವರು ಅಲ್ಲಿಯೇ ಇದ್ದರು. ಅಗೆದು ಹಾಕಿದ ಎರಡು ಸಮಾಧಿಗಳ ನಡುವೆ, ಯಾವ ಕಡೆ ತಿರುಗುವುದೆಂದು ತಿಳಿಯದೆ ಕೊಡೆ ಹಿಡಿದು ನಿಂತಿದ್ದರು. ಕಾಫಿ ಕೊಟ್ಟೆ. ಕುಡಿದು ಲೋಟ ವಾಪಸ್ ಕೊಡುತ್ತಾ, "ನಾನು ನಿಮ್ಮ ಯಜಮಾನ್ರಿಗೆ ಐದಾರು ವರ್ಷ ಮಲ್ಲಿಗೆ ಹಾಕಿದೆ ಸೆವ್ರಿನ್‌ಬಾಯಿ. ಅವರಿಗೆ ಬೇಜಾರಾಗಿರಬಹುದಾ?" ಎಂದು ಕೇಳಿದರು. ನಿನ್ನ ಪಪ್ಪನಿಗೆ ಮಲ್ಲಿಗೆಯ ವಾಸನೆಗೇ ಸೀನು ಬರುತ್ತಿತ್ತು, ಗೊತ್ತಲ್ಲ. ನನಗೆ ನಗು ತಡೆಯಲಾಗಲಿಲ್ಲ. ನಿಮ್ಮ ಹಿಲ್ಡಾಬಾಯಿ ನನ್ನ ಗಂಡನ ಗೊರಕೆಯ ಕಥೆ ಕೇಳಿ ಕೇಳಿ ಸಾಕಾಗಿರಬೇಕು ಎಂದೆ. ಅವರೂ ನಕ್ಕರು. ಮಲ್ಲಿಕಾರ್ಜುನ ಬಂದು ನೋಡಿದಾಗ ನಾವಿಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದೆವು, ಅಳುವುದೋ ನಗುವುದೋ ನಮಗೇ ತಿಳಿದಿರಲಿಲ್ಲ.

ಫಾದರ್ ಬಂದು ಎರಡೂ ಶಿಲುಬೆಗಳನ್ನು ಸರಿಯಾದ ಜಾಗದಲ್ಲಿ ನೆಡಿಸಿ ಪ್ರಾರ್ಥನೆ ಮಾಡಿದರು. ಇಷ್ಟು ವರ್ಷದ ನನ್ನ ಪ್ರಾರ್ಥನೆ ಎಲ್ಲ ದಂಡವಾಯಿತಲ್ಲ ಫಾದರ್ ಎಂದು ಕೇಳಿದೆ. ಅವರು, "ವಿಳಾಸ ತಪ್ಪು ಅಂತ ವಾಪಸ್ ಕಳಿಸ್ಲಿಕ್ಕೆ ದೇವರು ಪೋಸ್ಟ್‌ಮ್ಯಾನಾ ಬಾಯಿ?" ಎಂದರು. ಆ ಮಾತು ನನ್ನ ಮನಸ್ಸಿಗೆ ಬಹಳ ತಂಪು ಕೊಟ್ಟಿತು. ನಾನು ಹಾಕಿದ ಹೂವಿನಿಂದ ಒಬ್ಬ ಹೆಂಗಸಿನ ಸಮಾಧಿ ಬರಿದಾಗದೆ ಉಳಿಯಿತು, ಲಿಗೋರಿಯವರು ಹಾಕಿದ ಹೂವಿನಿಂದ ನನ್ನ ಬೋನಾನದು ಉಳಿಯಿತು. ಯಾರನ್ನೂ ದೇವರು ಒಂಟಿ ಬಿಟ್ಟಿರಲಿಲ್ಲ. ನಂಬಿಕೆ ಎಂದರೆ ಎಲ್ಲ ಸರಿಯಾಗಿ ಗೊತ್ತಿರುವುದು ಎಂದುಕೊಂಡಿದ್ದೆ. ಈಗ ನನಗನಿಸುವುದು, ಗೊತ್ತಿಲ್ಲದಿದ್ದರೂ ದಿನದ ಕೆಲಸವನ್ನು ಪ್ರೀತಿಯಿಂದ ಮಾಡುತ್ತಾ ಹೋದರೆ ಸಾಕು, ಅದು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ದೇವರೇ ಮುಟ್ಟಿಸುತ್ತಾರೆ. ನಿನಗೇ ಉಪದೇಶ ಮಾಡುತ್ತಿದ್ದೇನೆ, ಇರಲಿ.

ಆ ವರ್ಷದ ಸತ್ತವರ ಹಬ್ಬಕ್ಕೆ ಒಂದು ವಿಚಿತ್ರ ನಡೆಯಿತು. ಪಪ್ಪನಿಗೆ ಮೇಣದಬತ್ತಿ ಹಚ್ಚಿ ಮುಗಿಸಿದರೂ ಮನೆಗೆ ಹೊರಡಲು ಕಾಲು ಬರಲಿಲ್ಲ. ಅಷ್ಟು ವರ್ಷ ಹುಲ್ಲು ಕಿತ್ತು ನೋಡಿಕೊಂಡ ಹಿಲ್ಡಾಬಾಯಿಯನ್ನು ಒಂದೇ ದಿನಕ್ಕೆ ಹೇಗೆ ಬಿಡಲಿ? ಹೋಗಿ ಅಲ್ಲೂ ಒಂದು ಹಚ್ಚಿದೆ. ತಿರುಗಿ ನೋಡಿದರೆ ಲಿಗೋರಿಯವರು ಪಪ್ಪನ ಹತ್ತಿರ ಕೂತು, ಮಲ್ಲಿಗೆ ಬಿಟ್ಟು ಬರೀ ಚೆಂಡುಹೂ ಜೋಡಿಸುತ್ತಿದ್ದರು. ಅಂದಿನಿಂದ ಎರಡೂ ಸಮಾಧಿ ನಮ್ಮಿಬ್ಬರದ್ದಾಯಿತು.

ಆಮೇಲೆ ಸಿನಿಮಾದಲ್ಲಿ ಆಗುವಂಥದ್ದೇನೂ ಆಗಿಲ್ಲ ಮಗಳೇ. ಭಾನುವಾರ ಪೂಜೆ ಮುಗಿದ ಮೇಲೆ ಒಂದು ಫ್ಲಾಸ್ಕ್ ಕಾಫಿ, ಹಳೆಯ ಮಾತು. ಕಳೆದ ತಿಂಗಳು, ಡಿಸೆಂಬರಿನಲ್ಲಿ ಇದ್ದಕ್ಕಿದ್ದ ಹಾಗೆ ಮಳೆ ಬಂದಾಗ ಅಂಗಳದ ಕಾಫಿಗೆ ಟಾರ್ಪಾಲು ಎಳೆಯಲು ಓಡಿ ಬಂದರು. ಅವತ್ತು ಮಾತ್ರ ಕೊಡೆ ಮರೆತು ಬಂದಿದ್ದರು. ನೆನೆದು ತೊಪ್ಪೆಯಾಗಿ ನಿಂತವರನ್ನು ನೋಡಿ ನನಗೆ ಮನಸ್ಸಿನಲ್ಲಿ ಏನೋ ಆಯಿತು. ನಿನ್ನ ಹತ್ತಿರ ಇದಕ್ಕಿಂತ ಹೆಚ್ಚು ಬರೆಯಲು ನಾಚಿಕೆ.

ಮದುವೆಯ ಮಾತನ್ನು ಫಾದರ್ ಮೂಲಕ ಕೇಳಿಸಿದರು. ಅದಕ್ಕೂ ಮೊದಲು ಪಪ್ಪನ ಸಮಾಧಿಯ ಮುಂದೆ ನಿಂತು ಕೇಳಿದರಂತೆ. "ಐದಾರು ವರ್ಷ ಅವರ ಹತ್ರವೇ ಮಾತಾಡಿದ್ದಲ್ಲ, ಹೇಳದೆ ಹೇಗೆ ಮಾಡುದು?" ಎಂದು ಅವರ ಸಮಜಾಯಿಷಿ.

ಕಳಸದ ನಿನ್ನ ಜೂಲಿಯಾನತ್ತೆ ಸುದ್ದಿ ಕೇಳಿ, "ನಮ್ಮ ಬೋನಾನಿಗೆ ಕೊಟ್ಟ ಮಾತು ಎಂಥ ಆಯ್ತು ಅತ್ತಿಗೆ?" ಎಂದು ಕೇಳಿದಳು. ಆ ಮಾತು ಚುಚ್ಚಿತು. ಮೂರು ದಿನ ಇಗರ್ಜಿಯಲ್ಲಿ ಒಬ್ಬಳೇ ಕೂತು ಯೋಚಿಸಿದೆ. ಸಾವು ಬೇರೆ ಮಾಡುವ ತನಕ ಎಂದು ಮಾತು ಕೊಟ್ಟಿದ್ದೆ, ಸಾವಿನ ಆಚೆಗೂ ನಡೆಸಿಕೊಂಡೆ. ಈಗ ದೇವರು ನನ್ನ ಮುಂದೆ ಇನ್ನೊಂದು ಲೋಟ ಇಟ್ಟಿದ್ದಾರೆ. ಹೆದರಿ ಅದನ್ನು ಪಕ್ಕಕ್ಕೆ ಸರಿಸಿದರೆ ಅದು ಬೋನಾನ ಮೇಲಿನ ನಿಷ್ಠೆಯಲ್ಲ, ಕೊಟ್ಟವರ ಮೇಲಿನ ಅಪನಂಬಿಕೆ ಎಂದು ನನಗೆ ಅನಿಸಿತು. ನಿನಗೆ ಹಾಗೆ ಅನಿಸದಿದ್ದರೆ ನೇರವಾಗಿ ಹೇಳು. ಪಪ್ಪನ ಮಗಳು ನೀನು, ಪಪ್ಪನ ಪರವಾಗಿ ಮಾತಾಡುವ ಹಕ್ಕು ಈ ಲೋಕದಲ್ಲಿ ನಿನಗೊಬ್ಬಳಿಗೇ ಇರುವುದು.

ನೀನು ಬೇಡ ಎಂದರೆ ಊಟ ಬಿಡುವವಳಲ್ಲ ಎಂದು ಮೇಲೆ ಬರೆದೆ. ಕಾಗದ ವೇಸ್ಟ್ ಆಗುತ್ತದೆ ಎಂದು ಹೊಡೆದು ಹಾಕಿಲ್ಲ, ಆದರೆ ಅದು ಪೂರ್ತಿ ನಿಜವಲ್ಲ. ನನಗೆ ತುಂಬಾ ಸಂತೋಷವಾಗಿದೆ ಜೆನ್ನಿ. ಬೆಳಿಗ್ಗೆ ಎದ್ದ ಕೂಡಲೇ ಸಂತೋಷವಾಗುತ್ತದೆ. ಕಾಫಿ ಹಣ್ಣು ಕೆದಕುವಾಗ ಹಾಡು ಬರುತ್ತದೆ, ಪಕ್ಕದ ಯಲ್ಲಮ್ಮ ಬೇಲಿಯ ಮೇಲಿಂದ ಇಣುಕಿ, "ಏನ್ರೀ ಬಾಯೇರ, ಭಾಳ ಖುಷಿಯೊಳಗ ಅದೀರಲ್ಲ!" ಎಂದು ಕೀಟಲೆ ಮಾಡುತ್ತಾಳೆ. ದೇವರಿಗೆ ದಿನಾ ಥ್ಯಾಂಕ್ಸ್ ಹೇಳುತ್ತೇನೆ. ನಿನ್ನ ಒಪ್ಪಿಗೆ ಸಿಕ್ಕಿದರೆ ಇನ್ನೊಂದು ಸಲ ಹೇಳುತ್ತೇನೆ. ಸಿಗದಿದ್ದರೂ ಹೇಳುತ್ತೇನೆ, ಆದರೆ ಸ್ವಲ್ಪ ಅತ್ತು ಆಮೇಲೆ ಹೇಳುತ್ತೇನೆ.

ಚಳಿಗೆ ಕಿವಿಗೆ ಕಟ್ಟಿಕೋ. ಮದರ್ ಸುಪೀರಿಯರ್‌ಗೆ ನನ್ನ ನಮಸ್ಕಾರ ತಿಳಿಸು.

ನಿನಗಾಗಿ ದಿನಾ ಪ್ರಾರ್ಥಿಸುವ,
ನಿನ್ನ ಮಮ್ಮಿ
ಸೆವ್ರಿನ್

ಮರೆತಿದ್ದೆ: ಈ ಪತ್ರವನ್ನು ಅಂಚೆಗೆ ಹಾಕಿಲ್ಲ, ಶನಿವಾರದೊಳಗೆ ಮುಟ್ಟುವ ಭರವಸೆ ಇಲ್ಲ. ನಿಮ್ಮ ಬಾಗಿಲ ಸಿಸ್ಟರ್ ಕೈಗೆ ಇದನ್ನು ಕೊಟ್ಟು, ಈಗ ಹೊರಗಿನ ಬೆಂಚಿನಲ್ಲಿ ಕೂತಿರುವವರು ಲಿಗೋರಿಯವರೇ. ನಾನು ಬರೆದು ಮುಗಿಸುವ ತನಕ ನಮ್ಮ ಅಂಗಳದಲ್ಲಿ ನಿಂತೇ ಇದ್ದರು. ಕಡುಬು ಕೊಟ್ಟೆ, ಮುಟ್ಟಲಿಲ್ಲ, ನಿನ್ನ ಭಯ. ನೀನು ಹೂಂ ಅನ್ನುವುದಾದರೆ ಅವರಿಗೆ ಹೊಟ್ಟೆ ತುಂಬಾ ಊಟ ಹಾಕಿ ಕಳಿಸು. ಬೇಡ ಅನ್ನುವುದಾದರೆ, ಊಟ ಮುಗಿಯುವ ತನಕ ಹೇಳಬೇಡ.