ಹಾಡು ಮುಗಿಯುವ ಮೊದಲು

ಮನೆಯಿಂದ,
ಮಂಗಳವಾರ, ಹದಿಮೂರನೇ ತಾರೀಖು, ಸಂಜೆ

ಪ್ರೀತಿಯ ಮಗಳಿಗೆ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀಯ ಮರಿ? ಮೈಕೈ ಎಲ್ಲ ಸರಿಯಾಗಿದೆಯಾ? ಆ ತಲೆನೋವು ಮತ್ತೆ ಬಂತಾ? ನೀನು ಕಣ್ಣು ಪರೀಕ್ಷೆ ಮಾಡಿಸಿ ಒಂದೂವರೆ ವರ್ಷದ ಮೇಲಾಯಿತು. ಅಲ್ಲಿ ಯಾರಾದರೂ ಒಳ್ಳೆಯ ಕನ್ನಡಕದವರ ಹತ್ತಿರ ಹೋಗು, ಹೋದಾಗ ಅಕ್ಷರದ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಬೇಡ. ಚಿಕ್ಕವಳಿದ್ದಾಗ ನಮ್ಮ ಕನ್ನಡಕದಂಗಡಿಯ ಗೋಡೆಯ ಪಟ್ಟಿಯನ್ನು ಕೆಳಗಿನ ಸಾಲಿನ ತನಕ ಗಿಣಿಯ ಹಾಗೆ ಹೇಳಿ, ಕನ್ನಡಕ ಬೇಡವೇ ಬೇಡ ಅಂತ ಗೆದ್ದುಬಿಟ್ಟಿದ್ದೆ. ಆಮೇಲೆ ಶಾಲೆಯಲ್ಲಿ ಕರಿಹಲಗೆ ಕಾಣದೆ ಪಕ್ಕದವಳನ್ನು ನೋಡಿಕೊಂಡು ಬರೆದು, ಅವಳ ತಪ್ಪನ್ನೂ ಸೇರಿಸಿ ಬರೆದು, ಸಿಕ್ಕಿಬಿದ್ದೆ. ನಿಮ್ಮಮ್ಮ ಆವತ್ತು ನಕ್ಕಿದ್ದು ನೆನಪಿದೆಯಾ? ನೀನು ಮನೆ ಬದಲಾಯಿಸಿದ್ದು ನಿನ್ನ ಅತ್ತೆಯಿಂದ ಗೊತ್ತಾಯಿತು. ವಿಳಾಸವನ್ನೂ ನನ್ನ ತಂಗಿಯೇ ಕೊಟ್ಟಳು, ಜೊತೆಗೆ ಒಂದು ನಿಟ್ಟುಸಿರನ್ನೂ ಕೊಟ್ಟಳು. ಹೊಸ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆಯಾ? ಒಬ್ಬಳೇ ಇರುವವಳು, ಬಾಗಿಲಿಗೆ ಒಳಗಡೆಯಿಂದ ಇನ್ನೊಂದು ಚಿಲಕ ಹಾಕಿಸಿಕೋ.

ನಾನು ಚೆನ್ನಾಗಿದ್ದೇನೆ. ಬಲಗಾಲಿನ ಮಂಡಿ ಒಂದು ಮೆಟ್ಟಿಲು ಕಂಡರೆ ಮುಖ ಗಂಟು ಹಾಕಿಕೊಳ್ಳುತ್ತದೆ. ಅದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ. ಅಡುಗೆಯೂ ಒಂದು ಹದಕ್ಕೆ ಬಂದಿದೆ. ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕುವುದು ಈಗ ಕಡಿಮೆ, ಏಕೆಂದರೆ ಹಾಕಿದ ತಕ್ಷಣ ‘ಉಪ್ಪು ಹಾಕಿದ್ದಾಯಿತು’ ಅಂತ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಕೇಳುವವರು ಯಾರೂ ಇಲ್ಲ, ಪಾತ್ರೆಗಳಿಗಾದರೂ ಗೊತ್ತಿರಲಿ ಅಂತ.

ಈಗ ಸುದ್ದಿ. ನಿಂತಿದ್ದರೆ ಕೂತುಕೋ. ನಿನ್ನಪ್ಪನಿಗೆ ರೇಡಿಯೊದಲ್ಲಿ ಪೂರ್ತಿ ಕೆಲಸ ಸಿಕ್ಕಿದೆ! ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದಾಗ ಶುರು ಮಾಡಿದ್ದು ಈ ಭಾನುವಾರದ ಉದ್ಘೋಷಕನ ಕೆಲಸ, ಅರೆಕಾಲಿಕ. ಅಂದರೆ ಬಂದೆಯಾ ಬಾ, ಹೋದೆಯಾ ಹೋಗು. ವಾರವೆಲ್ಲ ಅಂಗಡಿಯಲ್ಲಿ ಗಾಜು ಉಜ್ಜಿ, ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರ ಕಣ್ಣಿಗೂ ಕಾಣದ ಕೆಲಸಕ್ಕೆ ಹೋಗುತ್ತಿದ್ದೆ. ದಿನಾ ಬೆಳಗಿನ ಕಾರ್ಯಕ್ರಮ ಮಾಡುತ್ತಿದ್ದವರು ಕೆಲಸ ಬಿಟ್ಟರು. ನಿಲಯದ ಮುಖ್ಯಸ್ಥೆ ನನ್ನನ್ನು ಕರೆದು, ಒಂದನೇ ತಾರೀಖಿನಿಂದ ನೀವು ಪೂರ್ಣಾವಧಿಗೆ ಬಂದುಬಿಡಿ, ಸೋಮವಾರದಿಂದ ಶನಿವಾರದ ತನಕ, ಬೆಳಗಿನ ಕಾರ್ಯಕ್ರಮ ಮತ್ತೆ ಮಧ್ಯಾಹ್ನದ ವಾರ್ತೆ ನಿಮ್ಮದು ಅಂದರು. ಆಕೆಗೆ ನಿನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಇಷ್ಟು ವರ್ಷ ಮಾತಿನಲ್ಲೇ ಹೊಟ್ಟೆ ಹೊರೆದವನಿಗೆ ಒಂದು ‘ಹೂಂ’ ಹೊರಡಲಿಲ್ಲ. ಯೋಚಿಸಿ ಹೇಳುತ್ತೇನೆ ಅಂದೆ. ಆಕೆ ಕಣ್ಣರಳಿಸಿ ನೋಡಿದರು. ಹಸಿದವನು ಎಲೆ ಮುಂದೆ ಕೂತು ಯೋಚನೆ ಮಾಡುತ್ತೇನೆ ಅಂದರೆ ಯಾರಿಗಾದರೂ ಆಶ್ಚರ್ಯವೇ.

ಅಂಗಡಿಯ ಯಜಮಾನನಿಗೆ ಹೇಳಿದಾಗ ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ, ಹೋಗಯ್ಯಾ ಅಂದ. ಹಾಗಂದು ಆ ಕಡೆ ತಿರುಗಿ, ಆಗಲೇ ಒರೆಸಿಟ್ಟಿದ್ದ ಗಾಜಿನ ಕಪಾಟನ್ನು ಮತ್ತೆ ಒರೆಸತೊಡಗಿದ. ಸಂಜೆ ಹೊರಡುವಾಗ ಹೊಸ ಫ್ರೇಮಿಗೆ ನನ್ನ ನಂಬರಿನ ಗಾಜು ಕೂರಿಸಿ ಕೈಗಿಟ್ಟ. ವಾರ್ತೆ ಓದುವಾಗ ಸತ್ತವರ ಹೆಸರನ್ನು ಬದುಕಿದವರಿಗೆ ಹಾಕಿಬಿಡಬೇಡ ಅಂತ ಬುದ್ಧಿ ಹೇಳಿದ. ಅವನ ಬಾಯಲ್ಲಿ ಒಳ್ಳೆಯ ಮಾತು ಯಾವಾಗಲೂ ಹೀಗೇ ವೇಷ ಹಾಕಿಕೊಂಡೇ ಬರುತ್ತದೆ.

ಹೋದ ವಾರ ಒಂದು ದಿನ ಪರೀಕ್ಷೆಗೆಂದು ಬೆಳಗಿನ ಕಾರ್ಯಕ್ರಮಕ್ಕೆ ಕೂರಿಸಿದರು. ಬುಧವಾರ. ಕೆಂಪು ದೀಪ ಹತ್ತಿತು, ನಾನು ಗಂಟಲು ಸರಿಮಾಡಿಕೊಂಡು, ತುಂಬು ಪ್ರೀತಿಯಿಂದ, ‘ಕೇಳುಗರಿಗೆಲ್ಲ ಭಾನುವಾರದ ಶುಭೋದಯ’ ಅಂದೆ. ನಾಲಿಗೆಗೆ ಬೇರೆ ವಾರವೇ ಗೊತ್ತಿಲ್ಲವಲ್ಲ! ಗಾಜಿನ ಆ ಕಡೆ ತಂತ್ರಜ್ಞೆ ತಲೆ ಚಚ್ಚಿಕೊಂಡಳು. ಆಮೇಲೆ ಒಬ್ಬ ಮಹಾರಾಯ ಫೋನ್ ಮಾಡಿ, ನಿಮ್ಮ ಮಾತು ನಂಬಿ ಮಗ್ಗುಲು ಬದಲಿಸಿ ಮಲಗಿಬಿಟ್ಟೆ, ಈಗ ನಮ್ಮ ಮೇಲಧಿಕಾರಿಗೆ ನೀವೇ ಉತ್ತರ ಹೇಳಿ ಅಂದ. ಮುಖ್ಯಸ್ಥೆ ಬಯ್ಯಲಿಲ್ಲ. ಕೇಳುವವರು ಇದ್ದಾರೆ ಅಂತ ಆಯಿತಲ್ಲ ಅಂತ ನಕ್ಕರು. ಇವತ್ತು ನನಗೆ ಒಂದು ಸ್ವಂತ ಮೇಜು ಬೇರೆ ಕೊಟ್ಟಿದ್ದಾರೆ. ಇಷ್ಟು ವರ್ಷ ಕಾರಿಡಾರಿನ ಬೆಂಚೇ ನನ್ನ ಕಚೇರಿಯಾಗಿತ್ತು. ಮೇಜಿನ ಒಂದು ಕಾಲು ಕುಂಟು, ನಮ್ಮಿಬ್ಬರಿಗೂ ಜೋಡಿ ಸರಿಹೋಗಿದೆ. ಡ್ರಾಯರಿನಲ್ಲಿ ಏನಿಡುವುದು ಅಂತ ತೋಚದೆ ಛತ್ರಿ ಇಟ್ಟು ಬೀಗ ಹಾಕಿ ಬಂದೆ. ಬರುವ ದಾರಿಯಲ್ಲಿ ಮಳೆ ಹಿಡಿಯಿತು.

ನೆನೆದುಕೊಂಡು ಮನೆಗೆ ಬಂದವನು, ಇದನ್ನು ಯಾರಿಗೆ ಹೇಳುವುದು ಅಂತ ಬಾಗಿಲಲ್ಲೇ ನಿಂತೆ. ನಿಮ್ಮಮ್ಮ ಇದ್ದಿದ್ದರೆ ಟವೆಲ್ ತಂದು ಮುಖಕ್ಕೆ ಎಸೆದು, ಊರಿಗೆಲ್ಲ ಹವಾಮಾನ ಹೇಳುವವರಿಗೆ ಒಂದು ಛತ್ರಿ ಹಿಡಿಯುವುದು ಗೊತ್ತಿಲ್ಲ ಅನ್ನುತ್ತಿದ್ದಳು. ನಿನಗೂ ನನಗೂ ಮಧ್ಯೆ ಮಾತು ದಾಟಿಸುತ್ತಿದ್ದವಳೂ ಅವಳೇ, ಅದು ನಮಗೆ ಗೊತ್ತಾಗಲೇ ಇಲ್ಲ ನೋಡು. ನಿಮ್ಮಪ್ಪನ್ನ ಕೇಳು, ನಿಮ್ಮ ಮಗಳಿಗೆ ಹೇಳಿ, ಅಂತ ಅವಳು ಮಾತು ಹೊತ್ತು ತರುತ್ತಿದ್ದಳು, ನಾವಿಬ್ಬರೂ ಮಾತಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಅವಳು ಹೋದ ಮೇಲೆ ನಮ್ಮಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಯಾರಾದರೂ ಬಂದು ರಾಜಿಯಾದರೂ ಮಾಡಿಸುತ್ತಿದ್ದರು. ನೀನು ಕೆಲಸ ಸಿಕ್ಕಿ ದೂರ ಹೋದೆ. ಊಟ ಆಯ್ತಾ ಅಂತ ನಾನು, ಆಯ್ತು ಅಂತ ನೀನು, ನಿಮ್ಮದಾಯ್ತಾ ಅಂತ ನೀನು, ಆಯ್ತು ಅಂತ ನಾನು. ಆಮೇಲೆ ಇಬ್ಬರೂ ಉಸಿರು ಹಿಡಿದುಕೊಂಡು ಇನ್ನೊಬ್ಬರು ಫೋನ್ ಇಡಲಿ ಅಂತ ಕಾಯುವುದು. ಬರಬರುತ್ತಾ ಅದೂ ನಿಂತಿತು. ನಿನ್ನ ನಂಬರು ನನ್ನ ಹತ್ತಿರ ಇಲ್ಲ ಅಂತಲ್ಲ. ಎಷ್ಟೋ ಸಲ ಕೈ ಹೋಗುತ್ತದೆ. ಆದರೆ ಊಟ ಆಯ್ತಾ ಅಂದ ಮೇಲೆ ಕೇಳುವುದಕ್ಕೆ ನನಗೆ ಎರಡನೇ ಪ್ರಶ್ನೆ ಹೊಳೆಯುವುದಿಲ್ಲ. ರೇಡಿಯೊದಲ್ಲಾದರೆ ಒಂದು ವಾಕ್ಯ ಆಡಿ ಹಾಡು ಹಾಕಿಬಿಡಬಹುದು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಅವನಿಗೆ ಜೊತೆಯೂ ಇಲ್ಲ ಅನ್ನುವುದನ್ನು ಯಾರೂ ಸೇರಿಸಲಿಲ್ಲ. ಮನೆ ಬಿಕೋ ಅನ್ನುತ್ತದೆ, ಮರಿ.

ಇನ್ನೊಂದು ಸಂಗತಿ ಇದೆ, ಸುಮ್ಮನೆ ತಮಾಷೆಗೆ ಹೇಳುತ್ತೇನೆ. ಮೂರು ನಾಲ್ಕು ತಿಂಗಳಿಂದ ಭಾನುವಾರದ ಮೆಚ್ಚಿನ ಹಾಡು ಕಾರ್ಯಕ್ರಮಕ್ಕೆ ಯಾರೋ ಫೋನ್ ಮಾಡುತ್ತಾರೆ. ಮಾತಾಡುವುದಿಲ್ಲ. ನಿನಗೆ ಗೊತ್ತಲ್ಲ, ಹಾಡು ಓಡುತ್ತಿರುವಾಗ ಫೋನ್ ಎತ್ತಿ, ಯಾರು, ಯಾವ ಹಾಡು ಅಂತ ಕೇಳಿಟ್ಟುಕೊಳ್ಳುವವನು ನಾನೇ. ಅದು ಅದೇ ಹಳೇ ಕಪ್ಪು ಫೋನು, ಕರೆದವರ ನಂಬರು ತೋರಿಸುವ ಜಾತಿಯದ್ದಲ್ಲ. ಮೊದಲ ಸಲ ಮೂರು ಸಾರಿ ಹಲೋ ಅಂದು ಇಟ್ಟುಬಿಟ್ಟೆ. ಎರಡನೇ ವಾರವೂ ಅಷ್ಟೇ. ಮೂರನೇ ವಾರ ಒಂದು ವಿಷಯ ಹೊಳೆಯಿತು. ಫೋನ್ ಮಾಡುವ ಜನ ನೂರಕ್ಕೆ ತೊಂಬತ್ತೊಂಬತ್ತು ಪಾಲು ಪಕ್ಕದಲ್ಲಿ ರೇಡಿಯೊ ಹಾಗೇ ಬಿಟ್ಟಿರುತ್ತಾರೆ. ಅವರ ಮಾತಿಗಿಂತ ನನ್ನ ಹಾಡೇ ನನಗೆ ವಾಪಸು ಕೇಳುತ್ತಿರುತ್ತದೆ. ರೇಡಿಯೊ ಸಣ್ಣಗೆ ಮಾಡಿ, ರೇಡಿಯೊ ಸಣ್ಣಗೆ ಮಾಡಿ ಅಂತ ಹೇಳಿ ಹೇಳಿಯೇ ನನ್ನ ಅರ್ಧ ಆಯಸ್ಸು ಕಳೆದಿದೆ. ಈ ಫೋನಿನ ಹಿಂದೆ ಮಾತ್ರ ರೇಡಿಯೊ ಇರಲೇ ಇಲ್ಲ. ಎತ್ತುವ ಮೊದಲೇ ಆರಿಸಿಟ್ಟಿದ್ದರು.

ಸರಿ, ಹಾಡು ಇನ್ನೂ ಇದೆಯಲ್ಲ ಅಂತ ನಾನೇ ಏನೋ ಮಾತಾಡಿದೆ. ಹಿತ್ತಲ ನಲ್ಲಿ ಸೋರುತ್ತಿದೆ ಅಂದೆ. ಮುಂದಿನ ವಾರ, ನಲ್ಲಿಗೆ ಬಟ್ಟೆ ಕಟ್ಟಿದ್ದೇನೆ ಅಂದೆ. ಅದರ ಮುಂದಿನ ವಾರ, ಹೆಂಡತಿಯ ಸೀರೆಗಳನ್ನು ಬಿಸಿಲಿಗೆ ಹಾಕಿ ಮತ್ತೆ ಮಡಿಸಿಟ್ಟೆ, ಮಡಿಕೆ ಮೊದಲಿನ ಹಾಗೆ ಬರಲಿಲ್ಲ ಅಂದೆ. ಆ ಕಡೆಯಿಂದ ಬರೀ ಉಸಿರು. ಸ್ಟುಡಿಯೊದಲ್ಲಿ ಓಡುವ ಹಾಡು ಫೋನಿನಲ್ಲಿ ಅವರಿಗೂ ಕೇಳುತ್ತಿರಬೇಕು, ಕೊನೆಯ ಚರಣ ಬರುತ್ತಿದ್ದ ಹಾಗೆ ಅವರೇ ಫೋನ್ ಇಟ್ಟುಬಿಡುತ್ತಾರೆ. ಒಂದು ಸಲವೂ ನನ್ನನ್ನು ಮೈಕಿಗೆ ತಡಮಾಡಿಸಿಲ್ಲ. ತಂತ್ರಜ್ಞೆ ಕೇಳಿದಳು, ಯಾರು ಸರ್ ಅದು, ಪ್ರತಿ ವಾರ? ಗೊತ್ತಿಲ್ಲಮ್ಮಾ, ಒಳ್ಳೆಯ ಕೇಳುಗರು ಅಂದೆ.

ಒಂದನೇ ತಾರೀಖಿನಿಂದ ಭಾನುವಾರದ ಕಾರ್ಯಕ್ರಮಕ್ಕೆ ಫೋನ್ ಇಲ್ಲ. ಮುಂಚೆಯೇ ರೆಕಾರ್ಡ್ ಮಾಡಿಟ್ಟು ಹಾಕುತ್ತಾರಂತೆ. ಸ್ಟುಡಿಯೊಗೆ ಬೀಗ. ಅಲ್ಲಿ ಫೋನ್ ಹೊಡೆದುಕೊಂಡರೆ ಎತ್ತುವವರಿಲ್ಲ. ಪಾಪ, ಆ ಯಾರೋ ಏನೆಂದುಕೊಳ್ಳುತ್ತಾರೋ. ಮುಖ್ಯಸ್ಥೆಯ ಮುಂದೆ ನನಗೆ ‘ಹೂಂ’ ಹೊರಡದೇ ಇದ್ದದ್ದು ಇದಕ್ಕೇ. ಒಂದು ಮೂಕ ಫೋನಿಗೋಸ್ಕರ ಕೆಲಸ ಬೇಡ ಅಂತೀರಾ ಅಂದರೆ ಏನು ಹೇಳಲಿ? ಅರವತ್ತಕ್ಕೆ ಅರಳುಮರಳು ಅಂತಾರೆ, ನನಗೆ ಇನ್ನೂ ಅರವತ್ತೂ ಆಗಿಲ್ಲ. ಅಂತೂ ಇವತ್ತು ಬೆಳಿಗ್ಗೆ ಹೋಗಿ ಸಹಿ ಹಾಕಿ ಬಂದೆ.

ಇಷ್ಟೇ ಸಮಾಚಾರ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಲಗಿಕೊಂಡು ಓದಬೇಡ. ನಿನ್ನ ಅತ್ತೆಗೆ ಆಗಾಗ ಫೋನ್ ಮಾಡುತ್ತಿರು, ಅವಳು ನಿನ್ನ ಸುದ್ದಿಯನ್ನು ಚಾಚೂ ತಪ್ಪದೆ ನನಗೆ ಮುಟ್ಟಿಸುತ್ತಾಳೆ. ನಿನಗೆ ಎಲ್ಲ ಒಳ್ಳೆಯದಾಗಲಿ, ನೀನು ಹೋದ ಕಡೆ ನಾಲ್ಕು ಜನ ನಿನ್ನವರಾಗಲಿ.

ನಿನ್ನ,
ಅಪ್ಪ

ಮರೆತಿದ್ದೆ: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದು ಬರೆಯುತ್ತಿದ್ದೇನೆ. ಏಳೆಂಟು ವರ್ಷದವಳಿದ್ದಾಗ ನೀನು ಮೂಗು ಹಿಡಿದುಕೊಂಡು ಧ್ವನಿ ಬದಲಿಸಿ ನನ್ನ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದೆಯಲ್ಲ. ಹಿಂದೆ ಅಡುಗೆಮನೆಯಲ್ಲಿ ನಿಮ್ಮಮ್ಮ ನಗುತ್ತಿದ್ದಳು, ರೇಡಿಯೊ ಅರಚುತ್ತಿತ್ತು. ನಾನು ಬೇಕಂತಲೇ, ‘ರೇಡಿಯೊ ಸಣ್ಣಗೆ ಮಾಡಿ ತಾಯೀ’ ಅಂದೆ. ಮನೆಗೆ ಬಂದರೆ ನೀನು ಮುಖ ಊದಿಸಿಕೊಂಡು, ‘ನಾನೇ ಅಂತ ನಿಂಗೆ ಗೊತ್ತಾಗ್ಲೇ ಇಲ್ವಾ ಅಪ್ಪಾ?’ ಅಂತ ಅತ್ತುಬಿಟ್ಟೆ. ಆವತ್ತೇ ನಿನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟೆ, ಮೊದಲು ರೇಡಿಯೊ ಆರಿಸಬೇಕು, ಹಾಡು ಮುಗಿಯುವ ಮೊದಲು ಫೋನ್ ಇಡಬೇಕು, ಇಲ್ಲದಿದ್ದರೆ ಅಪ್ಪ ಮೈಕಿಗೆ ತಡವಾಗುತ್ತಾನೆ ಅಂತ. ಇದನ್ನು ನಾನು ಇನ್ಯಾರಿಗೂ ಕಲಿಸಿಲ್ಲ. ಗೊತ್ತಾಗಿದೆ ಮರಿ. ಮೂರನೇ ವಾರವೇ ಗೊತ್ತಾಯಿತು. ಹೆಸರು ಹಿಡಿದು ಕರೆದರೆ ಎಲ್ಲಿ ಇಟ್ಟುಬಿಡುತ್ತೀಯೋ ಅಂತ ಹೆದರಿ ನಲ್ಲಿಯ ಕಥೆ ಹೇಳಿದೆ. ಅಕಸ್ಮಾತ್ ನೀನಲ್ಲದಿದ್ದರೆ ಇದನ್ನು ಹರಿದುಹಾಕು. ಯಾರೋ ಅಪರಿಚಿತರಿಗೆ ನಿಮ್ಮಮ್ಮನ ಸೀರೆಯ ವಿಷಯ ಹೇಳಿದ ಹುಚ್ಚನ ಹೆಸರು ನಿನ್ನಪ್ಪ ಅಂತ ತಿಳಿದುಕೋ. ನೀನೇ ಆದರೆ, ಇಪ್ಪತ್ತೈದನೇ ತಾರೀಖಿನದು ಕೊನೆಯ ಭಾನುವಾರ, ಆಮೇಲೆ ಅಲ್ಲಿಗೆ ಫೋನ್ ಮಾಡಬೇಡ. ನಾನು ಸಹಿ ಹಾಕಿದ್ದು ಯಾಕೆ ಅಂದರೆ, ಪೂರ್ಣಾವಧಿಯವನಿಗೆ ಭಾನುವಾರ ರಜೆ. ನೀನು ಹುಟ್ಟಿದಾಗಿನಿಂದ ಒಂದು ಭಾನುವಾರ ಬೆಳಿಗ್ಗೆಯೂ ನಾನು ಮನೆಯಲ್ಲಿ ಇದ್ದದ್ದಿಲ್ಲ. ಇನ್ನು ಇರುತ್ತೇನೆ, ಫೋನಿನ ಪಕ್ಕದಲ್ಲೇ. ಮನೆಯ ನಂಬರು ಹಳೆಯದೇ. ಮಾತು ಬರದಿದ್ದರೆ ಮಾತಾಡಬೇಡ, ಇಬ್ಬರೂ ಸುಮ್ಮನೆ ಕೂತಿರೋಣ. ಇಲ್ಲಿ ಯಾವ ಹಾಡೂ ಓಡುತ್ತಿರುವುದಿಲ್ಲ. ಮುಗಿಯಿತು ಅಂತ ನೀನು ಫೋನ್ ಇಡಬೇಕಾಗಿಲ್ಲ.