ಲೋಟ ಬಾರಿಸದೆ ಎದ್ದ ಸಭೆ

ಮನೆಯಿಂದ
೧೪ ಜೂನ್, ಭಾನುವಾರ

ವಿರೋಧ ಪಕ್ಷದ ಮಾನ್ಯ ನಾಯಕಿಯೂ ನನ್ನ ಒಬ್ಬಳೇ ಅಕ್ಕನೂ ಆದ ನಿನಗೆ,

ಊಟದ ಮೇಜಿನ ಸಭಾಪತಿಯ ನಮಸ್ಕಾರಗಳು. ನಾನೂ ಅಪ್ಪನೂ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ, ಆದ್ದರಿಂದ ಬರೆದಿದ್ದೇನೆ. ಅದು ನಿಜವೋ ಅಲ್ಲವೋ ಎಂಬುದನ್ನು ಮುಂದಿನ ಸಾಲುಗಳನ್ನು ಓದಿ ಸದಸ್ಯೆಯವರೇ ತೀರ್ಮಾನಿಸತಕ್ಕದ್ದು.

ತಡವಾದದ್ದಕ್ಕೆ ಮೊದಲು ಕ್ಷಮಿಸು. ಫೋನಿಗೆ ಸಂದೇಶ ಕಳಿಸಿ ಕಳಿಸಿ ನೋಡಿದೆ. ಫೋನಿನದೊಂದು ಕೆಟ್ಟ ಗುಣ: ನೀನು ಓದಿದೆ ಎಂದು ತಿಳಿಸುತ್ತದೆ, ಓದಿಯೂ ಉತ್ತರ ಕೊಡಲಿಲ್ಲ ಎಂದೂ ತಿಳಿಸುತ್ತದೆ. ಕಾಗದ ಹಾಗಲ್ಲ, ಮರ್ಯಾದಸ್ಥ. ಅಂಚೆಯಲ್ಲಿ ಕಳೆದುಹೋಯಿತೇನೋ, ನಿನ್ನ ಬಾಗಿಲ ಸಂದಿಯಿಂದ ತೂರಿ ಚಪ್ಪಲಿ ಗೂಡಿನ ಅಡಿಗೆ ಸೇರಿತೇನೋ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ನೆಮ್ಮದಿಯಾಗಿ ಇರಬಹುದು.

ನನ್ನ ಸಮಾಚಾರ: ಜೆರಾಕ್ಸ್ ಅಂಗಡಿಯಲ್ಲಿ ಭರ್ಜರಿ ವ್ಯಾಪಾರ. ಚಾಲಕನಿಲ್ಲದ ಬಸ್ಸು ಬರಲಿ ಎನ್ನುವವರ ಫಲಕಗಳೂ ನಮ್ಮಲ್ಲೇ, ಬರಕೂಡದು ಎನ್ನುವವರ ಫಲಕಗಳೂ ನಮ್ಮಲ್ಲೇ. ಒಂದೇ ಯಂತ್ರ, ಒಂದೇ ಮಸಿ. ಎರಡು ಕಡೆಯವರೂ ಅಂಗಡಿಯ ಒಂದೇ ಬೆಂಚಿನಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡದೆ ಕಾಯುತ್ತಾರೆ. ನಾನು ಇಬ್ಬರಿಗೂ ಗಂಭೀರವಾಗಿ, "ಸತ್ಯಕ್ಕೆ ಜಯವಾಗಲಿ" ಎಂದು ಹಾರೈಸಿ ಕಳಿಸುತ್ತೇನೆ. ಇಬ್ಬರೂ ಖುಷಿಯಾಗಿ ಹೋಗುತ್ತಾರೆ.

ಇನ್ನು ಸಭೆಯ ವಿಚಾರಕ್ಕೆ ಬರೋಣ. ಹಿಂದಿನ ಸಭೆಯ ವರದಿ ಓದದೆ ಮುಂದೆ ಹೋಗುವಂತಿಲ್ಲ. ನೀನು ಮೂಗು ಮುರಿದರೂ ಓದಲೇಬೇಕು.

ಈ ಸಭೆಯನ್ನು ಸ್ಥಾಪಿಸಿದವಳು ಅಮ್ಮ. ಊಟಕ್ಕೆ ಕೂತರೆ ಸಾಕು, ನೀನೂ ಅಪ್ಪನೂ ಪತ್ರಿಕೆಯ ಯಾವುದಾದರೊಂದು ಸುದ್ದಿ ಹಿಡಿದು ಹಾವು ಮುಂಗುಸಿಯಾಗುತ್ತಿದ್ದಿರಿ. ತಡೆಯಲಾರದೆ ಅಮ್ಮ ಒಂದು ದಿನ ಚಮಚದಿಂದ ಲೋಟಕ್ಕೆ ಟಣ್ ಎಂದು ಬಾರಿಸಿ, "ಈಗ ಅವಳ ಮಾತು ನೀವಾಡಿ, ನಿಮ್ಮ ಮಾತು ಅವಳಾಡ್ಲಿ. ಆಗಾದ್ರೂ ಅನ್ನ ತಣ್ಣಗಾಗೋದು ನಿಲ್ಲುತ್ತೇನೋ ನೋಡೋಣ" ಅಂದಳು. ಅಂದಿನಿಂದ ಅದೇ ಕಾನೂನು. ಲೋಟ ಸದ್ದು ಮಾಡಿದರೆ ಪಕ್ಷ ಬದಲು. ಮೊದಲರ್ಧ ಬೈದದ್ದನ್ನು ಎರಡನೇ ಅರ್ಧದಲ್ಲಿ ಹೊಗಳಬೇಕು, ಅದೂ ಬಾಯಿಮಾತಿಗಲ್ಲ, ಮನಸ್ಸಿಟ್ಟು. ಅಮ್ಮ ಹೋದ ಮೇಲೆ ಚಮಚ ನನ್ನ ಕೈಗೆ ಬಂತು. ಸಭಾಪತಿಗೆ ಪಕ್ಷವಿಲ್ಲ ಎಂದು ನೀವಿಬ್ಬರೂ ಸೇರಿ ಒಮ್ಮತದಿಂದ ನಿರ್ಣಯ ಮಾಡಿದಿರಿ. ನೀವಿಬ್ಬರೂ ಒಮ್ಮತಕ್ಕೆ ಬಂದದ್ದು ಆ ಒಂದೇ ವಿಷಯದಲ್ಲಿ.

ಕೊನೆಯ ಸಭೆಯ ವಿಷಯ ಮೀಸಲಾತಿ. ಮೊದಲರ್ಧಕ್ಕೆ ಯಾರದು ಯಾವ ಪಕ್ಷವೆಂದು ಚೀಟಿ ಎತ್ತಿದಾಗ ಪರ ನಿನಗೆ ಬಂತು, ವಿರೋಧ ಅಪ್ಪನಿಗೆ. ದಿನವಿಡೀ ಬಸ್ಸು ಓಡಿಸುವ ಅಪ್ಪ ಎಂದಿನಂತೆ ವಾದಕ್ಕೂ ಬಸ್ಸು ಹತ್ತಿಕೊಂಡೇ ಹೊರಟ. "ಮೀಸಲು ಸೀಟಲ್ಲಿ ಕೂತು ಬಂದವರ ಕೈಗೆ ಸ್ಟೀರಿಂಗ್ ಕೊಟ್ರೆ, ಪ್ಯಾಸೆಂಜರುಗಳು ಕಣ್ಮುಚ್ಕೊಂಡು ಕೂರಬೇಕಷ್ಟೆ!" ಎಂದು ಮೇಜು ಕುಟ್ಟಿದ. ಒಳ್ಳೆ ಏಟು ಎಂದು ನಾನು ಮನಸ್ಸಿನಲ್ಲಿ ಅಂಕ ಹಾಕುತ್ತಿದ್ದೆ. ನಿನ್ನ ಮುಖ ನೋಡಿದರೆ ಬೇರೆಯೇ ಆಗಿತ್ತು. ನಮ್ಮಂಥ ಮನೆಯವರಿಗೆಂದು ಇಟ್ಟ ಸ್ಥಾನದಲ್ಲೇ ನಿನಗೆ ಆ ಗಾಡಿ ಸುರಕ್ಷತೆಯ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಅಂದೇ ಮಧ್ಯಾಹ್ನ ನಿನ್ನ ಬೆನ್ನ ಹಿಂದೆ ಯಾರೋ ಇದೇ ಮಾತು ಆಡಿ ನಕ್ಕಿದ್ದರೆಂದು ನಮಗೇನು ಗೊತ್ತು? "ಆಫೀಸಲ್ಲೂ ಇದೇ ಮಾತು, ಮನೇಲೂ ಇದೇ ಮಾತಾ?" ಎಂದು ನೀನು ಎದ್ದುಬಿಟ್ಟೆ. ಕೈ ತೊಳೆದೆ. ವಾರ ಕಳೆಯುವುದರೊಳಗೆ ಕಚೇರಿಯ ಹತ್ತಿರ ಕೋಣೆ ಹಿಡಿದೆ.

ಲೋಟ ಇನ್ನೂ ಬಾರಿಸಿರಲಿಲ್ಲ, ಅಕ್ಕ. ಅಪ್ಪನ ಎರಡನೇ ಅರ್ಧ ಅವನ ಹೊಟ್ಟೆಯಲ್ಲೇ ಉಳಿಯಿತು. ವರದಿ ಮುಗಿಯಿತು.

ಈಗ ಹೊಸ ಸುದ್ದಿ. ಚಾಲಕನಿಲ್ಲದ ಬಸ್ಸಿನ ಬಗ್ಗೆ ನಗರಸಭೆಯವರು ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದರು. ಚಾಲಕರ ಸಂಘದ ಮೀಸೆಮಾವ ಮನೆಗೆ ಬಂದು, "ನಮ್ಮಲ್ಲಿ ಬಾಯಿ ಇರೋನು ಅಂದ್ರೆ ನೀನೇ ಕಣಯ್ಯ. ಮನೇಲಿ ದಿನಾ ತಾಲೀಮು ಮಾಡಿದೀಯ. ನಮ್ಮೆಲ್ಲರ ಪರವಾಗಿ ನೀನೇ ಮಾತಾಡು" ಎಂದು ಅಪ್ಪನನ್ನು ಒಪ್ಪಿಸಿದರು. ಅಪ್ಪ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡ. ನಾನು ಅಂಗಡಿಗೆ ರಜೆ ಹೇಳಿ ಹಿಂದಿನ ಸಾಲಿನಲ್ಲಿ ಹೋಗಿ ಕೂತೆ. ಸಭಾಪತಿಯಾದವನು ಅನ್ಯ ಸಭೆಗಳ ಶಿಸ್ತನ್ನೂ ಪರಿಶೀಲಿಸಬೇಕಲ್ಲ.

ಏನು ಮಾತಾಡಿದ ಗೊತ್ತಾ! "ಸ್ಟಾಪಿನಲ್ಲಿ ಒಬ್ಬ ಅಜ್ಜಿ ನಿಂತಿರ್ತಾಳೆ. ಬಸ್ಸಿಗೆ ನಿಂತಿದಾಳೋ, ಸುಮ್ನೆ ನೆರಳಿಗೆ ನಿಂತಿದಾಳೋ? ನಾನು ಅವಳ ಚೀಲ ನೋಡ್ತೀನಿ. ಚೀಲ ಕೈಲಿದ್ರೆ ಹತ್ತೋಳು, ನೆಲದ ಮೇಲಿದ್ರೆ ಹತ್ತದೋಳು. ನಿಮ್ಮ ಯಂತ್ರ ಅಜ್ಜೀನ ನೋಡುತ್ತೆ, ಒಪ್ತೀನಿ. ಚೀಲ ನೋಡುತ್ತಾ?" ಚಾಲಕರೆಲ್ಲ ಬೆಂಚು ಕುಟ್ಟಿದರು. ಮೀಸೆಮಾವ ಮೀಸೆ ತಿರುವಿ ತಿರುವಿ ಅದರ ತುದಿ ಕಿವಿಗೆ ತಾಗುವುದೊಂದು ಬಾಕಿ.

ಅಷ್ಟರಲ್ಲಿ ವೇದಿಕೆಯ ಮೇಲಿದ್ದ ಅಧ್ಯಕ್ಷೆ, ಸಮಯ ಮುಗಿಯುತ್ತಾ ಬಂತು ಎಂದು ತಿಳಿಸಲು ಪೆನ್ನಿನಿಂದ ನೀರಿನ ಲೋಟಕ್ಕೆ ತಟ್ಟಿದರು. ಟಣ್.

ಆ ಇಡೀ ಸಭಾಂಗಣದಲ್ಲಿ ಮುಂದೇನಾಗುತ್ತದೆಂದು ತಿಳಿದಿದ್ದವನು ನಾನೊಬ್ಬನೇ. ಅಪ್ಪ ಒಂದು ಗುಟುಕು ನೀರು ಕುಡಿದ, ಕಾಲರ್ ಸರಿ ಮಾಡಿಕೊಂಡ, ನಮ್ಮ ಮೇಜಿನ ಮುಂದೆ ಕೂತಂತೆಯೇ ಮುಖ ಇನ್ನೊಂದು ಕಡೆಗೆ ತಿರುಗಿಸಿದ. "ಆದರೆ" ಅಂದ.

ಆಮೇಲೆ ಬಂದದ್ದೆಲ್ಲ ಈ ಬಸ್ಸಿನ ಪರವಾಗಿ ನೀನು ನಮ್ಮ ಮೇಜಿನಲ್ಲಿ ಆಡುತ್ತಿದ್ದ ಮಾತು, ಅಕ್ಕ. ಒಂದೂ ಬಿಡದೆ. ಯಂತ್ರ ಕುಡಿಯುವುದಿಲ್ಲ, ಪಂದ್ಯ ಕಟ್ಟುವುದಿಲ್ಲ, ಒಂದು ಗಾಡಿ ಕಲಿತ ತಪ್ಪು ಎಲ್ಲ ಗಾಡಿಗೂ ಪಾಠ, ಮನುಷ್ಯರು ಮಾತ್ರ ಒಬ್ಬೊಬ್ಬರೂ ತಾವೇ ತಪ್ಪು ಮಾಡಿ ಕಲಿಯಬೇಕು. ನೀನು ಕೈ ಬೀಸುವ ಕಡೆ ಅವನೂ ಬೀಸಿದ. ಚಾಲಕರು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಮೊದಲು ನಕ್ಕರು. ಅಪ್ಪ ಮುಂದುವರಿಸಿದ: "ಯಂತ್ರ ಮಗಳ ಮನಸ್ಸು ನೋಯಿಸಿ ಬಂದು ಸ್ಟೀರಿಂಗ್ ಹಿಡಿಯಲ್ಲ. ನಾನು ಹಿಡಿದಿದೀನಿ. ಅವತ್ತು ನನಗೆ ಕೆಂಪು ದೀಪ ಕಾಣ್ಲಿಲ್ಲ. ಎದುರಿಂದ ಬಂದ ಹಾಲಿನ ಗಾಡಿಯವನು ಬ್ರೇಕ್ ಹಾಕಿದ್ದಕ್ಕೆ ಬಸ್ಸಲ್ಲಿದ್ದವರೆಲ್ಲ ಉಳಿದ್ರು. ನಾನು ಯಾರಿಗೂ ಹೇಳಿಲ್ಲ."

ಯಾರೂ ನಗಲಿಲ್ಲ. ಮೀಸೆಮಾವ ಎದ್ದು ನಿಂತು, "ಏ ಮಹಾನುಭಾವ, ನೀನು ಯಾರ ಕಡೆಯವನಯ್ಯಾ?" ಎಂದು ಕೂಗಿದರು. ಆಗ ಅಪ್ಪನಿಗೆ ಎಚ್ಚರವಾಯಿತು. ಸುತ್ತ ನೋಡಿದ. ಎದುರಿಗೆ ನೀನಿರಲಿಲ್ಲ, ಪಕ್ಷ ಬದಲಾಯಿಸಿ ಅವನ ಮೊದಲರ್ಧವನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿ ಯಾವ ಮಾತೂ ಅನಾಥವಾಗುವುದಿಲ್ಲ, ನೀನು ಬಿಟ್ಟದ್ದನ್ನು ಅಪ್ಪ ಎತ್ತಿಕೊಳ್ಳುತ್ತಾನೆ, ಅಪ್ಪ ಬಿಟ್ಟದ್ದನ್ನು ನೀನು. ಅಲ್ಲಿ ಅವನ ಅಜ್ಜಿಯೂ ಅವಳ ಚೀಲವೂ ನಡುದಾರಿಯಲ್ಲಿ ನಿಂತುಬಿಟ್ಟವು.

ಡಿಪೋದವರು ಅಪ್ಪನನ್ನು ಸ್ಟೀರಿಂಗಿನಿಂದ ಇಳಿಸಿ, ಆ ಕೆಂಪು ದೀಪದ ವಿಚಾರಣೆ ಮುಗಿಯುವ ತನಕ ಎಂದು, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೋಣೆಯಲ್ಲಿ ಕೂರಿಸಿದ್ದಾರೆ. ನಾನು ಊಟ ಕೊಡಲು ಹೋಗಿ ನೋಡಿದೆ. ಕಿಟಕಿಗೆ ಕಂಬಿ, ಗೋಡೆ ತುಂಬ ಛತ್ರಿ, ಒಂದು ಕಡೆ ಒಂಟಿ ಕೈಗವಸುಗಳ ಬುಟ್ಟಿ. ಅಪ್ಪ ಪ್ರತಿಯೊಂದಕ್ಕೂ ದಾರ ಕಟ್ಟಿ, ಯಾವ ಬಸ್ಸಿನದೆಂದು ಚೀಟಿ ಅಂಟಿಸುತ್ತಾನೆ. ಚಹಾದ ಹೊತ್ತಿಗೆ ಸಂಘದವರು ಅವನ ಬಾಗಿಲ ಮುಂದೆಯೇ ಹಾದುಹೋಗುತ್ತಾರೆ, ಒಳಗೆ ಇಣುಕುವುದಿಲ್ಲ. "ಇವತ್ತು ಒಂದೇ ಒಂದು ಛತ್ರಿ ಬಂತು. ಹುಡುಕ್ಕೊಂಡು ಯಾರೂ ಬರ್ಲಿಲ್ಲ" ಎಂದು ಮನೆಗೆ ಬಂದು ವರದಿ ಕೊಡುತ್ತಾನೆ.

ಅದಾದರೂ ಪರವಾಗಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು. ಅಪ್ಪ ಈಗ ಯಾವುದಕ್ಕೂ ಎದುರು ಮಾತಾಡುವುದಿಲ್ಲ. ಬೇಕೆಂದೇ ಕೆಣಕಿದೆ: "ಅಪ್ಪಾ, ಬಸ್ಸು ಓಡಿಸೋದೇನು ಮಹಾ, ಕುರಿಗೆ ಟೋಪಿ ಹಾಕಿದ್ರೂ ಓಡಿಸುತ್ತೆ."

"ಇರಬಹುದು" ಅಂದ.

"ಭೂಮಿ ದುಂಡಗಿಲ್ಲವಂತೆ, ಚಪ್ಪಟೆಯಂತೆ. ಅಂಗಡಿಗೆ ಬಂದವರೊಬ್ಬರು ಹೇಳಿದ್ರು."

"ಇರಬಹುದು."

ಅಕ್ಕಾ, ಹವಾಮಾನ ವರದಿಯ ಜೊತೆಗೂ ಜಗಳ ಆಡುತ್ತಿದ್ದ ಮನುಷ್ಯ ಅವನು! ಎದುರು ವಾದಿಸುವವರಿಲ್ಲದೆ ಮನೆ ಎಷ್ಟು ಸದ್ದಿಲ್ಲದೆ ಇದೆ ಎಂದರೆ, ಊಟದ ನಡುವೆ ನನ್ನ ಚಮಚ ಅಕಸ್ಮಾತ್ತಾಗಿ ಲೋಟಕ್ಕೆ ತಾಗಿದರೆ ಇಬ್ಬರೂ ತಲೆ ಎತ್ತಿ ನಿನ್ನ ಕುರ್ಚಿ ನೋಡುತ್ತೇವೆ. ಆಮೇಲೆ ಒಬ್ಬರನ್ನೊಬ್ಬರು ನೋಡದೆ ತಟ್ಟೆ ನೋಡುತ್ತೇವೆ.

ಹಾಗಾಗಿ ಶುಕ್ರವಾರ ಸಭಾಪತಿ ತನ್ನ ಘನತೆಗೆ ತಕ್ಕುದಲ್ಲದ ಒಂದು ಕೆಲಸ ಮಾಡಿದ. ನೀನು ಬಿಟ್ಟುಹೋದ ಕಂದು ಸ್ವೆಟರ್ ತೊಟ್ಟ. ಡ್ರಾಯರಿನಲ್ಲಿದ್ದ ನಿನ್ನ ಹಳೇ ಕನ್ನಡಕವನ್ನು, ಒಂದು ಕಡೆ ದಾರ ಸುತ್ತಿದ್ದನ್ನು, ಮೂಗಿಗೇರಿಸಿದ. ತಲೆಗೆ ಟವೆಲ್ಲು ಸುತ್ತಿ ಜಡೆಯಂತೆ ಇಳಿಬಿಟ್ಟ. ನಿನ್ನ ಕುರ್ಚಿಯಲ್ಲಿ ಕೂತು, ನಿನ್ನ ಧ್ವನಿ ತೆಗೆದು, "ಆಫೀಸಲ್ಲೂ ಇದೇ ಮಾತು, ಮನೇಲೂ ಇದೇ ಮಾತಾ?" ಎಂದು ಕೇಳಿದ.

ಅಪ್ಪ ಮೊದಲು, "ಕೋತಿ" ಎಂದು ನಕ್ಕ. ಎಷ್ಟು ದಿನವಾಗಿತ್ತು ಆ ನಗು ಕೇಳಿ. ನಾನು ಲೋಟ ಬಾರಿಸಿದೆ. ನಗು ನಿಂತಿತು. ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

"ನೋಡು ಪುಟ್ಟಿ" ಅಂದ. "ಬಸ್ಸು ಹೊರಡೋ ಕಡೆ ಹತ್ತಿದವರು ಕಿಟಕಿ ಪಕ್ಕದ ಸೀಟೆಲ್ಲ ಹಿಡ್ಕೊಂಡಿರ್ತಾರೆ. ಅವರು ಕೆಟ್ಟವರಲ್ಲ, ಅವರ ಮನೆ ಅಲ್ಲಿದೆ ಅಷ್ಟೆ. ನಮ್ಮದು ಕೊನೇ ಸ್ಟಾಪು. ನಮ್ಮಪ್ಪ ಜೀವಮಾನ ಪೂರ್ತಿ ನಿಂತೇ ಹೋದ. ನಾನು ಕನ್ನಡೀಲಿ ದಿನಾ ನೋಡ್ತೀನಿ, ಕೂತವರಿಗೆ ನಿಂತವರ ಮುಖ ಕಾಣುತ್ತೆ, ಕಾಲು ಕಾಣಲ್ಲ. ಅದಕ್ಕೇ ಬಾಗಿಲ ಹತ್ರ ಒಂದು ಸೀಟಿಗೆ ಬಣ್ಣ ಬಳಿದು ಬರೀಬೇಕಾಯ್ತು. ಅದು ದಾನ ಅಲ್ಲ, ದಾರಿ ಲೆಕ್ಕ. ನೀನು ಅದರಲ್ಲಿ ಕೂತೆ ನಿಜ. ಆದ್ರೆ ಆ ಸೀಟು ಯಾರಿಗೂ ಗಾಡಿ ಓಡ್ಸೋದು ಕಲಿಸಲ್ಲ. ಅದನ್ನ ನೀನೇ ಕಲಿತೆ. ನಾನು ಅವತ್ತು ಆಡಿದ್ದು ಚೀಟೀಲಿ ಬಂದ ಮಾತು. ಇದು ನನ್ನ ಮಾತು."

ಅಷ್ಟೇ. ಸಭೆ ಮುಗಿಯಿತು. ಎದುರಾಳಿಯ ಮುಂದೆ ಹೇಳಬೇಕಾದ್ದನ್ನು ವೇಷ ಹಾಕಿ ಕದ್ದು ಕೇಳಿದ್ದು ನಿಯಮಬಾಹಿರ. ಆದ್ದರಿಂದ ಈ ಮಾತುಗಳನ್ನು ಅಧಿಕೃತವೆಂದು ಪರಿಗಣಿಸುವಂತಿಲ್ಲ. ನೀನೇ ಖುದ್ದಾಗಿ ಬಂದು, ನಿನ್ನ ಕುರ್ಚಿಯಲ್ಲಿ ಕೂತು, ಮತ್ತೊಮ್ಮೆ ಕೇಳಬೇಕು. ನಿನ್ನ ಎರಡನೇ ಅರ್ಧವೂ ಬಾಕಿ ಇದೆ ಎಂಬುದನ್ನು ಮರೆಯಬೇಡ. ಅಪ್ಪ ನಡುದಾರಿಯಲ್ಲಿ ಬಿಟ್ಟ ಆ ಸ್ಟಾಪಿನ ಅಜ್ಜಿಯ ಚೀಲವನ್ನು ನಿನ್ನ ಬಿಟ್ಟು ಎತ್ತಿಕೊಡುವವರಿಲ್ಲ.

ಚಿಕ್ಕವನು ದೊಡ್ಡವರನ್ನು ಹರಸಬಾರದಂತೆ. ಆದರೆ ಪೀಠಕ್ಕೆ ವಯಸ್ಸಿಲ್ಲ. ಆದ್ದರಿಂದ ಹರಸುತ್ತಿದ್ದೇನೆ: ನೀನು ಪರೀಕ್ಷಿಸುವ ಗಾಡಿಗಳೆಲ್ಲ ನಿಲ್ಲಬೇಕಾದ ಕಡೆ ನಿಲ್ಲಲಿ, ಬೆನ್ನ ಹಿಂದೆ ಮಾತಾಡುವವರ ಕುರ್ಚಿಗಳೆಲ್ಲ ಕಿರುಗುಟ್ಟಲಿ, ನಿನ್ನ ಕೋಣೆಯ ಕಿಟಕಿಗೆ ಬಿಸಿಲು ಬರಲಿ.

ಇಂತಿ,
ಪಕ್ಷವಿಲ್ಲದ ಸಭಾಪತಿ,
ನಿನ್ನ ತಮ್ಮ

ತಾ.ಕ.: ಸಭೆ ಮುಗಿಯಿತು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಮಾತು ಮುಗಿದ ಮೇಲೆ ಅಪ್ಪ ಮೇಜಿನ ಮೇಲಿಂದ ಕೈ ಚಾಚಿ ನನ್ನ ತಲೆಯ ಮೇಲೆ ಇಟ್ಟ, ಟವೆಲ್ಲಿನ ಮೇಲೆಯೇ. ತುಂಬ ಹೊತ್ತು ಇಟ್ಟ. ನನಗೆ ಹಾಗೆ ಯಾವಾಗಲಾದರೂ ಇಟ್ಟಿದ್ದನೋ ನೆನಪಿಲ್ಲ. ನಾನು ಚೇಷ್ಟೆ ನಿಲ್ಲಿಸಿ ಅಲ್ಲಾಡದೆ ಕೂತೆ. ನಿನ್ನ ಕನ್ನಡಕದ ದಪ್ಪ ಸೋಡಾ ಗಾಜಿನ ಹಿಂದೆ ಎಲ್ಲವೂ ಮಸುಕಾಗಿತ್ತು, ಗಾಜಿನದೇ ತಪ್ಪೆಂದು ಕನ್ನಡಕ ತೆಗೆದು ಒರೆಸಿಕೊಂಡೆ. ಅಪ್ಪ ನನ್ನ ಮುಖ ನೋಡಿ, "ಓ, ನೀನಾ" ಅಂದ. ಕೈ ತೆಗೆದುಕೊಂಡು, ತಟ್ಟೆ ಎತ್ತಿಕೊಂಡು ಒಳಗೆ ಹೋದ. ಬಂದುಬಿಡು ಅಕ್ಕ. ನಿನ್ನ ಕುರ್ಚಿಯಲ್ಲಿ ನೀನು ಕೂತಿದ್ದರೆ, ಉಳಿದ ಕುರ್ಚಿಯಲ್ಲಿ ಇರುವವನು ನಾನೇ ಎಂದು ಅಪ್ಪನಿಗೆ ಗೊತ್ತಾಗುತ್ತದೆ.