ಆನೆಮರಿಯ ಪಾರ್ಸಲ್ಲು

ಬೆಳಂಬಾರ, ೨೦೦೭

ರೂಪಾಲಿ,

ನನ್ನ ಮಗಳು ಪ್ರೇಕ್ಷಾಳ ಹುಟ್ಟುಹಬ್ಬಕ್ಕೆ ಇವತ್ತೊಂದು ಪಾರ್ಸಲ್ ಬಂತು. ಕಳಿಸಿದವರ ಹೆಸರಿಲ್ಲ. ಆದರೆ ರಿಬ್ಬನ್ನಿಗೆ ಹಾಕಿದ್ದು, ಅಬ್ಬಲಿಗೆ ಹೂವಿನ ಮಾಲೆಗೆ ನೀನು ಹಾಕುತ್ತಿದ್ದ ಅದೇ ಗಂಟು. ನಾನು ಕತ್ತರಿ ತಂದೆ. "ಕತ್ತರ್ಸಬೇಡ, ತಡಿಯೋ" ಅಂದ ಆಯಿ ನಿಧಾನ ಬಿಚ್ಚಿ, ರಿಬ್ಬನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಒಳಗೆ ಯಾವುದೋ ಥೀಮ್ ಪಾರ್ಕಿನ ಬ್ಯಾಗು. ಅದರ ಮೇಲೆ ಪ್ರೇಕ್ಷಾ ದಿನಾ ಟೀವಿಯಲ್ಲಿ ನೋಡುವ ಕಾರ್ಟೂನ್ ಆನೆಮರಿ.

ನೀನು ಓಡಿಹೋಗಿ ಮದುವೆಯಾದ ಮೇಲೆ ನಿನ್ನ ಹೆಸರೆತ್ತದ ಮನೆ ಇದು. ಅವಳ ಆನೆಮರಿ ಹುಚ್ಚು ನಿನಗೆ ಹೇಗೆ ಗೊತ್ತಾಯಿತು? ಹೆಂಡತಿಯನ್ನು ಕೇಳಿದೆ, ತಾನು ಹೇಳಿಲ್ಲವೆಂದು ಆಣೆ ಹಾಕಿದಳು. ಪಕ್ಕದ ಮನೆಯ ಬೊಮ್ಮಿಯನ್ನೂ ಬಿಡಲಿಲ್ಲ. "ನಂಗೇನ್ ಗೊತ್ತೋ ಮಾರಾಯಾ! ಯಾರ್ ಕಳ್ಸಿದ್ದು?" ಅಂತ ಅವಳೇ ತಿರುಗಿ ಕೇಳಿದಳು.

ಯಾರು ಕಳಿಸಿದ್ದು ಅಂತ ಕೇಳದವಳು ನಿನ್ನ ಹೆತ್ತ ಆಯಿ ಒಬ್ಬಳೇ.

ನಾನೂ ಆಯಿಯನ್ನು ಕೇಳಲಿಲ್ಲ.

ಅಣ್ಣ